ಯಾವ ಗಿಡಕ್ಕ ಹಾಲು ಹಾಕೀದಿ?

ಡಾಕ್ಟರಬಾಯಿ ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ಬಳೆಗಾರ. ಕೊಲ್ಹಾಪುರ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಸೇರಿಹೋದ ವರ್ಷ ಅದು. ಗಡಿಂಗ್ಲಜದ ನಮ್ಮ ಮನೆಯ ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿ, ನನ್ನ ಸೊಸೆಯ ಕೈಗೆ ಹಸಿರು ಬಳೆ ಏರಿಸುತ್ತ, ಮಳೆ ಬೆಳೆ ಸುದ್ದಿ ಹೇಳಿದಷ್ಟೇ ಸಲೀಸಾಗಿ, "ನಿಮ್ಮ ಬಾಯಿ ಹ್ವಾದ್ರಲ್ರೀ, ಉದಗಾಂವದಾಗ. ಅಮಾಸಿ ಹಿಂದಿನ ವಾರ," ಅಂದ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಈಗ ಹೇಳ್ತೀಯೇನೋ ಖೋಡಿ? ಸುಟ್ಟು ಬೂದಿ ಆದ ಮ್ಯಾಲ?" ಎಂದು ಅವನ ಮೇಲೆ ಹರಿಹಾಯ್ದೆ.

"ನನಗ್ಯಾಕ ಬೈತೀರ್ರೀ ಯವ್ವಾ? ಹೇಳಿ ಕಳಸಾಕ ಅವರಿಗೆ ಯಾರದಾರು? ಹಿಂದಿಲ್ಲ, ಮುಂದಿಲ್ಲ."

ಅವನು ಹೇಳಿದ್ದು ಖರೆ. ಖರೆ ಆಗಿದ್ದಕ್ಕೇ ಸಿಟ್ಟು ಇನ್ನೂ ಏರಿತು. ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಕರಿಯಾಗುವವರೆಗೂ ನನಗೆ ಅದರ ಗುರುತೇ ಇರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಜೀವ ಇದ್ದಾಗಲೂ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಬಾಯಿ, ಡಾಕ್ಟರಬಾಯಿ. ಉದಗಾಂವದ ಜೈನ ಒಕ್ಕಲು ಮನೆತನದ ಮಗಳು. ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಗಂಡ ಸತ್ತಿದ್ದ. ಅಣ್ಣಂದಿರು ಮೂಲೆಯಲ್ಲಿ ಕೂಡಿಸುವ ಬದಲು ಓದಲು ಕಳಿಸಿದರು. ಅಷ್ಟು ಪುಣ್ಯ ಕಟ್ಟಿಕೊಂಡರು; ಅವರೂ ಬಾಯಿಗಿಂತ ಮೊದಲೇ ಹೋದರು. ಬಿಳಿ ಸೀರೆ, ಉದ್ದ ಮೂಗು, ಒಣಗಿದ ಬಾರಕೋಲಿನಂಥ ಮೈ. ನಕ್ಕರೆ ಮೇಲಿನ ಒಂದು ಹಲ್ಲು ಇಲ್ಲದ್ದು ಕಾಣುತ್ತದೆಂದು ನಗು ಬಂದಾಗ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಸೆರಗು ಬಾಯಿಗೆ ಹೋಗುವ ಪ್ರಸಂಗವೇ ಕಡಿಮೆ, ಆ ಮಾತು ಬೇರೆ.

ಅವರು ಸಕ್ಕರೆಯಂಥವರಾಗಿದ್ದರು, ದೇವತೆಯಾಗಿದ್ದರು ಎಂದು ಬರೆದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಸಿಡುಕಿ ಹೆಂಗಸು. ಕತ್ತರಿ ಕುದಿಸದೆ ಕೊಟ್ಟೆನೆಂದು ಒಮ್ಮೆ ಹಿತ್ತಾಳೆ ತಾಟನ್ನು ನನ್ನ ಕಾಲಬುಡಕ್ಕೆ ಒಗೆದಿದ್ದರು. ಮರುದಿನ ಬೆಳಿಗ್ಗೆ ಆ ತಾಟನ್ನು ತಾವೇ ತಿಕ್ಕಿ ತಂದು, ನನ್ನ ಮುಖ ನೋಡದೆ, "ನಗ್ಗು ಬಿದ್ದಿಲ್ಲ," ಎಂದರು. ತಪ್ಪಾಯಿತು ಎನ್ನುವುದಕ್ಕೆ ಅವರ ಭಾಷೆ ಅದೇ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲವಷ್ಟೆ. ನಮ್ಮ ಕೂಸುಗಳೋ ಹೊತ್ತು ಮುಳುಗುವುದನ್ನೇ ಕಾಯ್ದು ಹುಟ್ಟುವಂಥವು. ಹೀಗಾಗಿ ಬಾಯಿ ಎಷ್ಟೋ ದಿನ ಉಪವಾಸ. "ಒಂದ ತುತ್ತರ ಉಂಡ ಬರ್ರಿ, ಇನ್ನೂ ಬಿಸಲೈತಿ," ಎಂದು ನಾನು ಗೋಗರೆದರೆ, "ಹಸದಾವ್ರಿಗೆ ನಿದ್ದಿ ಬರೂದಿಲ್ಲ. ಛಲೋನ ಆತು," ಎನ್ನುವರು.

ನಾನು ಅವರ ಕೈಕೆಳಗೆ ಬಿದ್ದದ್ದು ಇಚಲಕರಂಜಿಯಲ್ಲಿ. ನನ್ನ ಗಂಡನಿಗೆ ಅಲ್ಲಿ ಮಗ್ಗದ ಕೆಲಸ. ನಾನು ಹೆಣ್ಣುಮಕ್ಕಳ ದವಾಖಾನೆಯಲ್ಲಿ ನರ್ಸು. ಬಸುರಿ ಹೆಂಗಸು ಬಂದರೆ ತುಂಬಿಸಲೆಂದು ಮೇಲಿನ ಕಚೇರಿಯವರು ಒಂದು ಅಚ್ಚಿನ ಕಾಗದ ಕಳಿಸುತ್ತಿದ್ದರು. ಮರಾಠಿಯಲ್ಲಿ, ಅದೂ ಪುರಾಣಿಕರ ಮರಾಠಿಯಲ್ಲಿ. ನಮ್ಮ ಹೆಂಗಸರಲ್ಲಿ ಓದು ಬಲ್ಲವರು ಸೋಸಿದರೂ ಸಿಗಲಿಕ್ಕಿಲ್ಲ. ನಾನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದುವುದು, ಅವರು ಗೋಣು ಹಾಕುವುದು.

"ಕಾಲಿಗೆ ಶೋಥ ಉಂಟೋ?" "ಹೌದ್ರಿ." "ಜ್ವರ ಇತ್ತೋ?" "ಹೌದ್ರಿ." "ಇಲ್ಲೇನು?" "ಹೌದ್ರಿ." "ಹಿಂದ ಎಷ್ಟು ಹೆರಿಗಿ?" "ಹೌದ್ರಿ."

ನಾನು ನಗುತ್ತಿದ್ದೆ. ಬಾಯಿ ನಗಲಿಲ್ಲ. "ಹೌದ್ರಿ ಅನ್ನೂದು ಉತ್ತರ ಅಲ್ಲ, ನಮಸ್ಕಾರ. ದೊಡ್ಡವರ ಮುಂದ ಇಲ್ಲ ಅನಬಾರದು ಅಂತ ಕಲಿಸ್ಯಾರ, ಅದಕ್ಕ ಅಂತಾರ. ಇದನ್ನ ಕಾಗದದಾಗ ಬರದ್ರ ನಮ್ಮ ಕೈಯಾಗ ಏನ ಬಂತು?"

ಅಂದಿನಿಂದ ಅವರಿಗೆ ಒಂದೇ ಧ್ಯಾಸ. ಆ ಕಾಗದದ ಒಂದೊಂದು ಪ್ರಶ್ನೆಯನ್ನೂ ಹೆಂಗಸರ ಮನೆಗೆಲಸದೊಳಗೆ ಕೂಡಿಸುವುದು. ಕಾಲು ಬಾತಿವೆಯೇ ಎಂದು ಕೇಳಬಾರದು, "ಕಾಲುಂಗುರ ಬಿಗಿ ಆಗ್ಯಾವೇನು?" ಎನ್ನಬೇಕು. ಉಸಿರು ಹತ್ತುತ್ತದೆಯೇ ಎಂದಲ್ಲ, "ಬಾವಿಯಿಂದ ಬರೂ ಮುಂದ ಕೊಡ ಎಲ್ಲಿ ಇಳಸ್ತಿ?" ಇರುಳುಗಣ್ಣಿಗೆ, "ದೀಪ ಹಚ್ಚೂ ಹೊತ್ತಿನ್ಯಾಗ ದನದ ಗೂಟ ಕಾಣತೈತೇನು?" ಜ್ವರಕ್ಕೆ, "ಎಲ್ಲಾರೂ ಸೆಕಿ ಅನ್ನೂ ಮುಂದ ನಿನಗ ಕೌದಿ ಬೇಕಾತೇನು?" ಕಣ್ಣಿಗೆ ಕಾಣುವ ಕಾಲುಂಗುರ, ಗೂಟದ ಮಾತಿಗೆ ಸುಮ್ಮನೆ ಹೌದ್ರಿ ಎಂದು ಪಾರಾಗಲು ಬರುವುದಿಲ್ಲ. ಹುಡುಗಿಯರು ಯೋಚಿಸುತ್ತಿದ್ದರು. ಯೋಚಿಸಿ, ಮುಖ ಎತ್ತಿ ಮಾತಾಡುತ್ತಿದ್ದರು.

ಪ್ರಶ್ನೆಗಳನ್ನು ಅವರು ಪರೀಕ್ಷಿಸುತ್ತಿದ್ದುದು ಸಂತೆಯಲ್ಲಿ. ಬದನೆಕಾಯಿ ಆರಿಸುವ ನೆಪದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮಾರುವವಳನ್ನೇ ಕೇಳುವುದು. "ನಿನ್ನ ಕಾಲುಂಗುರ ಬಿಗಿ ಅದಾವೇನ?" ಎಂದಾಗ ಒಬ್ಬಳು, ಈ ವಿಧವೆ ಬಾಯಿ ತನ್ನ ಕಾಲುಂಗುರದ ಮೇಲೆ ಯಾಕೆ ಕಣ್ಣು ಹಾಕಿದಳೆಂದು ಗಾಬರಿಯಾಗಿ ಎರಡೂ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. ಬದನೆಕಾಯಿಯನ್ನೂ ಕೊಡಲಿಲ್ಲ.

ನಡುವೆ ಚಿತ್ರ ಬರೆಸುವ ಹುಚ್ಚು ಹಿಡಿಯಿತು. ಓದಲು ಬಾರದಿದ್ದರೇನು, ಕಣ್ಣಿವೆಯಲ್ಲ ಎಂದು. ಅಂಗಡಿಗಳ ಹೆಸರಿನ ಪಾಟೀ ಬರೆಯುವ ಒಬ್ಬನನ್ನು ಹಿಡಿದು ಬಾತ ಪಾದದ ಚಿತ್ರ, ಬಸುರಿನ ಚಿತ್ರ ಬರೆಸಿ ಗೋಡೆಗೆ ಹಚ್ಚಿದರು. ಮೊದಲು ಒಳಗೆ ಬಂದ ಮುದುಕಿ ಕಿಟಾರನೆ ಚೀರಿದಳು. "ಅಯ್ಯ ಶಿವನ, ಯಾರ ಕಾಲ್ರೀ ಇದು ಕಡದ ಇಟ್ಟೀರಿ? ಇಕೀ ರುಂಡ ಎಲ್ಲಿ ಹೋತು?" ಪಾದವೆಂದರೆ ಪಾದ ಮಾತ್ರ, ಹೊಟ್ಟೆಯೆಂದರೆ ಹೊಟ್ಟೆ ಮಾತ್ರ ಬರೆಸಿದ್ದರಲ್ಲ! ದವಾಖಾನೆಯಲ್ಲಿ ಹೆಂಗಸರನ್ನು ತುಂಡು ಮಾಡುತ್ತಾರೆಂದು ಪೇಟೆಯಲ್ಲೆಲ್ಲ ಗುಲ್ಲಾಯಿತು. ರುಂಡ ಸೇರಿಸಿ ಮತ್ತೆ ಬರೆಸಿದರೆ, "ಇಕಿ ಕಚ್ಚೆ ಹಾಕಿದ ರೀತಿ ನೋಡು, ಇದು ಬ್ರಾಹ್ಮಣರ ಬಾಯಿ, ಇಕಿ ಜಡ್ಡು ನಮಗ ಬರೂದಿಲ್ಲ," ಎಂದು ನಮ್ಮವರು ನಿಶ್ಚಿಂತರಾದರು. ಬಾಯಿ ಅಂದು ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಿತ್ರಗಳನ್ನು ಕಿತ್ತು ಒಲೆಗೆ ಹಾಕಿದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಯಾಕೆಂದರೆ ಆ ಬೇಸಿಗೆಯಲ್ಲೇ ತಂಗೆವ್ವ ಬಂದಳು. ದತ್ತವಾಡದ ಹುಡುಗಿ, ಹೆರಿಗೆಗೆಂದು ತವರಿಗೆ ಬಂದವಳು. ಜೊತೆಗೆ ತಾಯಿ. ಕಾಲುಂಗುರ ಸಡಿಲ, ಗೂಟ ಕಾಣುತ್ತದೆ, ಕೊಡ ಎಲ್ಲಿಯೂ ಇಳಿಸುವುದಿಲ್ಲ. ಎಲ್ಲ ಉತ್ತರವೂ ಚಂದ. ಸೀರೆ ಸರಿಸಿ ನೋಡಲು ತಾಯಿ ಬಿಡಲಿಲ್ಲ, ಮೇಲಿಂದಲೇ ಬಾಯಿ ಹೊಟ್ಟೆ ಮುಟ್ಟಿ ನೋಡಿದರು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಮನೆಗೆಲಸದೊಳಗೆ ಕೂಡಿಸುವ ಅಗತ್ಯ ಬಾಯಿಗೆ ಕಂಡಿರಲಿಲ್ಲ. ಅಷ್ಟು ಸರಳ ಪ್ರಶ್ನೆ ಯಾರಿಗೆ ತಿಳಿಯುವುದಿಲ್ಲ?

"ಎಷ್ಟನೇದು?"

"ಚೊಚ್ಚಲರೀ," ಎಂದಳು ತಾಯಿ. "ಚೊಚ್ಚಲರೀ," ಎಂದಳು ತಂಗೆವ್ವ.

ಹಿಂದೆ ಹೆತ್ತು ಕಳೆದುಕೊಂಡವರಾದರೆ ಬಾಯಿ ಕೊನೆಯ ತಿಂಗಳು ದವಾಖಾನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ತೀರ ಕಠಿಣವಿದ್ದರೆ ಹೊಟ್ಟೆ ಕೊಯ್ದು ಕೂಸು ತೆಗೆಯಲು ಕೊಲ್ಹಾಪುರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಗಟ್ಟಿಮುಟ್ಟಾದ ಚೊಚ್ಚಲ ಬಸುರಿಯನ್ನು ಮನೆಗೆ ಕಳಿಸಿದರು. ತಿಂಗಳು ಕಳೆದು ಚಕ್ಕಡಿಯಲ್ಲಿ ತಂದರು. ಊರಲ್ಲಿ ಬೇನೆ ತಿಂದು ತಿಂದು ಗರ್ಭಚೀಲ ಹರಿದಿತ್ತು. ಕೈ ತೊಳೆದುಕೊಂಡು ಬಾಯಿ ಓಡಿ ಬರುವಷ್ಟರಲ್ಲಿ ಚಕ್ಕಡಿಯ ಹುಲ್ಲಿನ ಮೇಲೆಯೇ ತಂಗೆವ್ವನ ಜೀವ ಹೋಯಿತು.

ಡಾಕ್ಟರಾದವರು ಸತ್ತವರ ಮನೆಗೆ ಮಾತಾಡಿಸಲು ಹೋಗುವುದನ್ನು ಎಲ್ಲಾದರೂ ಕೇಳಿದ್ದೀರಾ? ಬಾಯಿ ಹೋದರು. ನನ್ನನ್ನೂ ಕರೆದುಕೊಂಡರು. ದತ್ತವಾಡದಲ್ಲಿ ತಂಗೆವ್ವನ ತಾಯಿ ನಮ್ಮನ್ನು ಕಂಡದ್ದೇ ಬಾಯಿಯ ಕೊರಳಿಗೆ ಬಿದ್ದು ಅತ್ತಳು. ಅತ್ತು ಸಾಕಾದ ಮೇಲೆ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಕಬ್ಬಿನ ಹೊಲದ ಬದಿಗೆ, ಯಾರ ಕಾಲೂ ತಾಗದ ಮೂಲೆಯಲ್ಲಿ, ಒಂದು ನುಗ್ಗೆಗಿಡ, ಅದರಾಚೆ ಬೋರೆಹಣ್ಣು ಬಿಡುವ ಒಂದು ಬಾರಿಗಿಡ.

"ಇಲ್ಲಿ ಹಾಕಿದ್ಲರೀ ಹಾಲು, ನನ್ನ ಕೂಸು," ಎಂದಳು. "ಮೊದಲಿಂದು ನುಗ್ಗೀಗೆ. ಎರಡನೇದು ಬಾರಿಗೆ. ಮೂರನೇದಕ್ಕ ತಾನ ಹೋದ್ಲು."

ಬಾಯಿಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಗಟ್ಟಿ ದನಿ ತೆಗೆಯದೆ, ಬಹಳ ಮೆಲ್ಲಗೆ ಕೇಳಿದರು. "ಎರಡು ಹೆರಿಗಿ ಆಗಿದ್ದುವೇನು? ನೀವು ಚೊಚ್ಚಲ ಅಂದ್ರಿ."

"ಮತ್ತ ಚೊಚ್ಚಲಾನ ಅಲ್ಲೇನ್ರೀ? ಎರಡೂ ಎರಡೆರಡು ದಿನ ಬ್ಯಾನಿ ತಿಂದು ಹುಟ್ಟಿ ಹಂಗ ಹ್ವಾದುವು. ತೊಟ್ಟಲಕ್ಕ ಹಾಕಿಲ್ಲ, ಹೆಸರಿಟ್ಟಿಲ್ಲ. ಹೆಸರಿಡದ ಕೂಸು ಕೂಸಲ್ರೀ. ಅದನ್ನ ಎಣಸಬಾರದು, ಬಾಯಾಗ ತರಬಾರದು. ತಂದ್ರ ಅದಾ ಹೊಟ್ಟಿಗೆ ಹೊಳ್ಳಿ ಬರತೈತಿ, ಬಂದು ಹೊಳ್ಳಿ ಹೋಗತೈತಿ. ಎದಿ ಹಾಲು ಮಾತ್ರ ಮೋರಿಗೆ ಚಲ್ಲಬಾರದು, ಮಂದಿ ತುಳೀಬಾರದು. ಅದಕ್ಕ ಗಿಡದ ಬುಡಕ್ಕ ಹಾಕೂದು." ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಯಾಕ ಹೋದ್ಲರೀ ನನ್ನ ಮಗಳು? ನಾವೇನ ತಪ್ಪ ಮಾಡಿದ್ವಿ?" ಎಂದು ಕೇಳಿದಳು.

"ತಪ್ಪೇನಿಲ್ಲವ್ವಾ. ಆಯುಷ್ಯ ಅಷ್ಟಾ ಇತ್ತು," ಎಂದರು ಬಾಯಿ. ಆಯುಷ್ಯ, ಹಣೆಬರಹ ಎಂದವರ ಮೇಲೆ ಬೆಂಕಿಯಾಗುತ್ತಿದ್ದ ಹೆಂಗಸು. ದಾರಿಯಲ್ಲಿ ನಾನು, ಹಾಗೇಕೆ ಹೇಳಿದಿರಿ ಎಂದು ಕೇಳಿಯೇಬಿಟ್ಟೆ. "ನೀ ಹೇಳಿದ ಒಂದ ಮಾತಿಗೆ ನಿನ್ನ ಮಗಳು ಸತ್ಲು ಅನ್ಲೇನು? ನಿನಗ ಮಕ್ಕಳ ಅದಾವು, ನೀನ ಹೇಳು," ಎಂದರು. ಇಚಲಕರಂಜಿಯ ಮಗ್ಗಗಳ ಸದ್ದು ಕೇಳತೊಡಗಿದ ಮೇಲೆ ತಮ್ಮಷ್ಟಕ್ಕೆ, "ಕೇಳಾಕ ಬರಲಿಲ್ಲ ನನಗ," ಎಂದರು.

ಮಾರನೆಯ ವಾರದಿಂದ ಅವರ ಪ್ರಶ್ನೆ ಬದಲಾಯಿತು. ಎಷ್ಟನೆಯದು ಎಂದು ಕೇಳುವುದನ್ನು ಬಿಟ್ಟರು. ಹೆಂಗಸಿನ ಪಕ್ಕದಲ್ಲಿ ಕುಳಿತು, ಅವಳ ಕಡೆ ನೋಡದೆ, "ಯಾವ ಗಿಡಕ್ಕ ಹಾಲು ಹಾಕೀದಿ?" ಎನ್ನುವರು.

ದೇವರೇ, ಆ ಪ್ರಶ್ನೆ! ಕೂಸು ಎನ್ನುವ ಮಾತಿಲ್ಲ, ಸಾವು ಎನ್ನುವ ಮಾತಿಲ್ಲ, ಎಣಿಕೆ ಇಲ್ಲ. ಏನೂ ಆಗದವರು "ಯಾವ ಗಿಡರೀ?" ಎಂದು ಕಣ್ಣು ಬಿಡುತ್ತಿದ್ದರು. ಆದವರು ಮಾತ್ರ ಮೊದಲು ಬಾಗಿಲ ಕಡೆ ನೋಡುವರು. ಆಮೇಲೆ "ಹುಣಸಿಗೆ," ಎನ್ನುವರು. "ಬೇವಿಗೆ. ಆಮ್ಯಾಲ ಗುಡಿ ಹಿಂದಿನ ಬನ್ನಿಗೆ." ಗಿಡ ಎಷ್ಟೆಂದು ಬಾಯಿ ಮನಸ್ಸಿನಲ್ಲೇ ಎಣಿಸಿ, ಕಾಗದದಲ್ಲಿ ನಾನು ಹೆರಿಗೆಯ ಸಂಖ್ಯೆ ಬರೆಯುವೆ. ಎಷ್ಟು ಗಿಡಗಳಮ್ಮಾ! ಚೊಚ್ಚಲ ಎಂದು ನಾವು ಬರೆದು ಕಳಿಸಿದ ಎಷ್ಟು ಹುಡುಗಿಯರ ಹಿಂದೆ ಎಷ್ಟು ಗಿಡಗಳಿದ್ದವೋ!

ಆದರೆ ಗಿಡದ ಹೆಸರು ಹೇಳಿದವಳು ಅಳದೆ ಏಳುತ್ತಿರಲಿಲ್ಲ. ವರ್ಷಗಟ್ಟಲೆ ಬಾಯಿ ಬಿಡದ ದುಃಖ ಅದು. ಒಬ್ಬಳು ಅತ್ತರೆ ಕಟ್ಟಿಗೆಯ ಉದ್ದ ಬಾಕಿನ ಮೇಲೆ ಸಾಲಾಗಿ ಕುಳಿತವರೆಲ್ಲ ಸೆರಗು ಮುಖಕ್ಕೆ ಹಿಡಿಯುವರು. ಅತ್ತೆಯರಿಗೆ ಕೆಟ್ಟ ಸಿಟ್ಟು. ಆ ಮುಂಡೆ ಬಾಯಿ ಸತ್ತ ಕೂಸುಗಳನ್ನು ಕೂಗಿ ಕರೆಯುತ್ತಾಳೆ, ಅವಳ ನೆರಳು ಬಸುರಿಯ ಮೇಲೆ ಬೀಳಬಾರದು ಎಂದು ಊರೂರಿಗೆ ಸುದ್ದಿ ಹಬ್ಬಿತು. ದವಾಖಾನೆಯ ಬಾಕು ಖಾಲಿಯಾಗತೊಡಗಿತು. ಮೇಲಿನ ಸಾಹೇಬರು ತಪಾಸಣೆಗೆ ಬಂದರು. ಕೆಟ್ಟವರಲ್ಲ, ಕಣ್ಣಿಗೆ ಖಾಲಿ ಬಾಕು ಕಂಡರೆ ಅವರಾದರೂ ಏನು ಮಾಡಿಯಾರು? "ಬಾಯಿ, ಇದು ಪ್ರಶ್ನಪತ್ರಿಕೆ. ಹಾಡು ಅಲ್ಲ. ಇದ್ದದ್ದನ್ನು ಇದ್ದಂತೆ ಕೇಳಿ," ಎಂದು ಮರಾಠಿಯಲ್ಲಿ ಹೇಳಿದರು. ಬಾಯಿ ಮರಾಠಿಯಲ್ಲೇ, "ಹಾಡಾಗಿದ್ದರೆ ಚೆನ್ನಾಗಿತ್ತು ಸಾಹೇಬ, ಎಲ್ಲರೂ ಹಾಡುತ್ತಿದ್ದರು," ಎಂದುಬಿಟ್ಟರು. ಅವರ ನಾಲಿಗೆಗೆ ಹತೋಟಿ ಎಂಬುದಿಲ್ಲ. ಮರುವರ್ಷ ಮಳೆಗಾಲ ಹಿಡಿಯುವ ಮೊದಲು ಗಡಿಂಗ್ಲಜಕ್ಕೆ ವರ್ಗವಾಯಿತು. ನನ್ನ ತವರು ಅದೇ ಊರು. ನಾನೂ ಗಂಡನನ್ನು ಎಳೆದುಕೊಂಡು ಬೆನ್ನಿಗೇ ಹೋದೆ. ಇಂಥ ಸಿಡುಕಿಯನ್ನು ಬಿಟ್ಟು ಇನ್ನೊಬ್ಬರ ಕೈಕೆಳಗೆ ದುಡಿಯಲು ನನಗೆ ಆಗಲಿಲ್ಲ, ಇಷ್ಟೇ ಕಾರಣ.

ಗಡಿಂಗ್ಲಜದಲ್ಲೂ ಅದೇ ಹಾಡು. ಬರುವವರು ಬಂದರು, ಬಿಡುವವರು ಬಿಟ್ಟರು. ಕೇಳಿ ತಿಳಿದು ಕೆಲವರನ್ನು ಉಳಿಸಿಕೊಂಡೆವು. ಅದನ್ನು ಇಲ್ಲವೆಂದರೆ ಸುಳ್ಳಾದೀತು. ಆದರೆ ಬಾಯಿಗೆ ಸಮಾಧಾನವಿರಲಿಲ್ಲ. "ನಾ ಗಿಡದ ಹೆಸರು ಕೇಳಿ ಕದ್ದು ತಿಳ್ಕೊಳ್ಳಾಕತ್ತೇನಿ," ಎನ್ನುತ್ತಿದ್ದರು. "ಆಕೀ ಬಾಯಲೇ ಆಕಿ ಹೇಳಬೇಕು, ಇಷ್ಟ ಸಲ ಹಡದೇನಿ ಅಂತ. ನಾ ಇಲ್ಲದಲ್ಲೂ ಹೇಳಬೇಕು. ಇಲ್ಲಂದ್ರ ನಾ ಸತ್ತ ಮ್ಯಾಲ ಇವ್ರನ್ನ ಯಾರ ಕೇಳತಾರು?" ವರ್ಷಗಳು ಹೋದುವು. ಹಾಗೆ ತಾನಾಗಿ ಹೇಳಿದವಳು ಒಬ್ಬಳೂ ಇರಲಿಲ್ಲ.

ಯುದ್ಧ ನಡೆದಿತ್ತು. ಉತ್ತೂರಿನಿಂದ ಕಾಶವ್ವ ಎಂಬ ಹುಡುಗಿಯನ್ನು ಅವಳ ಅತ್ತೆ ಕರೆತಂದಳು. ಗಿಡ್ಡ ಹುಡುಗಿ, ದಿನ ತುಂಬುತ್ತ ಬಂದ ಬಸುರಿ, ಒಂದು ಕಾಲು ಎಳೆದು ನಡೆಯುತ್ತಿದ್ದಳು. ತಾಯಿಯಿಲ್ಲ, ತವರಿಲ್ಲ. ನಡೆಯುವುದನ್ನು ನೋಡಿದ ಕೂಡಲೇ ಬಾಯಿಯ ಹುಬ್ಬು ಗಂಟಾಯಿತು. ಸೊಂಟದ ಎಲುಬು ಇಕ್ಕಟ್ಟಿರಬೇಕೆಂದು ನನಗೆ ಕಣ್ಣಲ್ಲೇ ಹೇಳಿದರು.

"ಯಾವ ಗಿಡಕ್ಕ ಹಾಲು ಹಾಕೀದಿ, ತಂಗಿ?"

ಕಾಶವ್ವ ಅತ್ತೆಯ ಮುಖ ನೋಡಿದಳು.

ಅತ್ತೆ ಎದ್ದಳು. "ಚೊಚ್ಚಲೈತ್ರೀ. ಏಳ ನಡೀಯೇ! ಇಂಥಾ ಅಪಶಕುನದ ಮಾತ ಕೇಳಾಕ ಇಷ್ಟ ದೂರ ಬಂದಿಲ್ಲ ನಾವು." ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಬಾಗಿಲಿಗೆ ಹೋದಳು.

ಹೋದರೆ ಹುಡುಗಿ ಸತ್ತಳೆಂದೇ ಲೆಕ್ಕ. ನಾನು ಜಗಳಕ್ಕೆ ಸೊಂಟ ಕಟ್ಟಿದೆ. ಬಾಯಿ ನನ್ನನ್ನು ಹಿಂದೆ ಸರಿಸಿ, ಹೋಗಿ, ಆ ಮುದುಕಿಯ ಮುಂದೆ ಹೊಸ್ತಿಲ ಒಳಗೆ ಬರಿನೆಲದ ಮೇಲೆ ಕುಳಿತರು.

"ಕಾಕೂ, ನೀವು ಯಾವ ಗಿಡಕ್ಕ ಹಾಕೀರಿ?"

ಮುದುಕಿ ನಿಂತಲ್ಲೇ ನಿಂತಳು. "ನನ್ನ ಕೇಳ್ತಿ?" ಎಂದಳು. ಬಾಗಿಲ ಚೌಕಟ್ಟು ಹಿಡಿದಳು. ಆಮೇಲೆ ಯಾರದೋ ಮಾತು ಹೇಳುವಂತೆ ಹೇಳಿದಳು: "ಮಾವಿನ ಗಿಡಕ್ಕ. ಬದುವಿನ ಮ್ಯಾಲಿಂದು. ಈಗಿಲ್ಲ ಅದು, ಕಡದ್ರು. ನನ್ನ ಗಂಡಾನ ಕಡದ. ನಾ ಬ್ಯಾಡ ಅನ್ನಲಿಲ್ಲ. ಹೆಂಗ ಅನ್ನಲಿ? ಯಾಕ ಅಂತ ಕೇಳಿದ್ರ ಏನ ಹೇಳ್ಲಿ?"

ಕುಸಿದು ಕುಳಿತಳು. ಬಾಯಿ ಅವಳ ಕೈ ಹಿಡಿದುಕೊಂಡರು. ಮುದುಕಿ ಮೂಗು ಒರೆಸಿಕೊಂಡು, ಸೊಸೆಯ ಕಡೆ ತಿರುಗದೆ, "ಇಕೀವು ಎರಡ ಆಗ್ಯಾವ," ಎಂದಳು. "ಬಾವಿ ಹಂತ್ಯಾಕ ಪ್ಯಾರಲ ಗಿಡ ಐತಿ. ಎರಡಕ್ಕೂ ಅದಾ ಗಿಡ. ಎಲ್ಲಿ ಕರ್ಕೊಂಡ ಹೋಗ್ತೀರಿ ಹೋಗ್ರಿ. ಬದುಕಿದ್ರ ಸಾಕು."

ಕೊಲ್ಹಾಪುರಕ್ಕೆ ಹೊರಟೆವು. ಬಾಯಿ ತಾವೇ ಬಂದರು; ಅಲ್ಲಿ ಯಾರಾದರೂ ಅಚ್ಚಿನ ಕಾಗದ ಹಿಡಿದು ಕೇಳಿದರೆ ಮತ್ತೆ ಚೊಚ್ಚಲ ಎಂದಾರೆಂಬ ಅಂಜಿಕೆ. ಪೆಟ್ರೋಲು ಸಿಗದ ಕಾಲ, ಇದ್ದಲಿನ ಗ್ಯಾಸಿನ ಮೋಟಾರು. ತವಂದಿ ಘಾಟಿನಲ್ಲಿ ಅದು ಕೆಮ್ಮಿ ನಿಂತಿತು. ಗಂಡಸರೆಲ್ಲ ಇಳಿದು ನೂಕಿದರು, ಬಿಳಿ ಸೀರೆಯ ಬಾಯಿಯೂ ಇಳಿದು ನೂಕಿದರು. ಇದ್ದಲು ಹೊತ್ತಿಕೊಳ್ಳುವಷ್ಟರಲ್ಲಿ ಕಾಶವ್ವನಿಗೆ ಬೇನೆ ಶುರುವಾಗಿತ್ತು. ಆಸ್ಪತ್ರೆ ಮುಟ್ಟಿದಾಗ ತಡವಾಗಿತ್ತು. ಹೊಟ್ಟೆ ಕೊಯ್ದರು. ಕಾಶವ್ವ ಉಳಿದಳು. ಗಂಡು ಕೂಸು ನಾಲ್ಕು ಉಸಿರು ಎಳೆದು ನಿಲ್ಲಿಸಿತು. ಬಾಯಿ ಅದನ್ನು ಅಂಗೈಯಲ್ಲಿ ಹಿಡಿದು ಬೆನ್ನು ತಿಕ್ಕಿದರು, ಊದಿದರು, ಮತ್ತೆ ತಿಕ್ಕಿದರು. ನಾನೇ ಅವರ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ಮೂರನೆಯ ದಿನ ಕಾಶವ್ವನ ಎದೆಗೆ ಹಾಲು ಇಳಿಯಿತು. ಎದೆ ಕಲ್ಲಾಗಿ ಜ್ವರ ಬಂತು. ಹಾಲು ಹಿಂಡಿ ತೆಗೆಯದಿದ್ದರೆ ಕೀವಾಗಿ ಸಾಯುತ್ತಾಳೆ, ಅವಳೋ ಮುಟ್ಟಗೊಡಳು. ಕೌದಿ ಮುಖಕ್ಕೆಳೆದು ಗೋಡೆಗೆ ತಿರುಗಿದಳು. ಅಲ್ಲಿಯ ನರ್ಸು ತಗಡಿನ ಬೋಗುಣಿ ತಂದು, ಹಿಂಡಿ ಮೋರಿಗೆ ಸುರಿಯೋಣ, ಇದರಲ್ಲೇನಿದೆ ಎಂದಳು. ಪಾಪ, ಅವಳಿಗೇನು ಗೊತ್ತು.

ಬಾಯಿ ಬೋಗುಣಿಯನ್ನು ಸರಿಸಿದರು. ನಾವಿಬ್ಬರೂ ಸೇರಿ ಮಂಚವನ್ನು ಕಿಟಕಿಯ ಹತ್ತಿರ ಎಳೆದೆವು. ಹಿಂದಿನ ಅಂಗಳದಲ್ಲಿ ಯಾರೂ ಓಡಾಡದ ಕಡೆ ಒಂದು ಹೊಂಗೆಯ ಮರವಿತ್ತು. "ಅದು ನಡೀತೈತೇನು ನೋಡು," ಎಂದರು. ಕಾಶವ್ವ ಬಹಳ ಹೊತ್ತು ನೋಡಿ, ಆಗಲೆಂದು ತಲೆಯಾಡಿಸಿದಳು. ಅತ್ತೆ ತನ್ನ ಹಿತ್ತಾಳೆ ತಂಬಿಗೆ ತೊಳೆದು ಕೊಟ್ಟಳು; ಅದರಲ್ಲಿ ಹಾಲು ಹಿಂಡಿಕೊಂಡೆವು. ಬಾಯಿ ತಲೆತುಂಬ ಸೆರಗು ಹೊದ್ದು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೋದರು. ಬುಡದ ಕಸ ಕೈಯಿಂದಲೇ ಸರಿಸಿದರು, ಹಾಲು ಹಾಕಿದರು, ಸ್ವಲ್ಪ ಹೊತ್ತು ಕುಳಿತರು. ಕಾಶವ್ವ ಕಿಟಕಿಯ ಸರಳು ಹಿಡಿದು ಎಲ್ಲವನ್ನೂ ನೋಡಿದಳು. ಹಾಲು ಬತ್ತುವವರೆಗೆ ದಿನಾಲು ಹೀಗೆ ನಡೆಯಿತು. ದೊಡ್ಡ ಡಾಕ್ಟರುಗಳು ವರಾಂಡದಲ್ಲಿ ನಿಂತು ನೋಡಿದರು.

ಊರಿಗೆ ಹೊರಡುವ ದಿನ ಅಲ್ಲಿಯ ನರ್ಸು ಬಿಡುಗಡೆಯ ಕಾಗದ ತುಂಬಲು ಬಂದಳು. ಬಾಯಿ ಬಾಗಿಲ ಬಳಿ ಗಂಟು ಕಟ್ಟುತ್ತಿದ್ದರು. ನರ್ಸು ತಲೆಯೆತ್ತದೆ ಮರಾಠಿಯಲ್ಲಿ, ಇದು ಎಷ್ಟನೆಯ ಹೆರಿಗೆ ಎಂದು ಕೇಳಿದಳು. ಅತ್ತೆ ಬಾಯಿ ತೆರೆದು, ಮುಚ್ಚಿದಳು. ಹೇಳಲೆಂದು ನಾನು ಮುಂದೆ ಬಂದೆ. ಅಷ್ಟರಲ್ಲಿ ಮಂಚದ ಮೇಲಿಂದ ಕಾಶವ್ವ, ಯಾರ ಮುಖವನ್ನೂ ನೋಡದೆ, ಗಟ್ಟಿಯಾಗಿ ಹೇಳಿದಳು:

"ಮೂರನೇದ್ರೀ. ಮೂರೂ ಹ್ವಾದುವು. ಬರ್ಕೋರಿ."

ನರ್ಸು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ಬಾಯಿ ಗಂಟು ಕಟ್ಟುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಕಾದ ಉತ್ತರ ಬಂತಲ್ಲ, ಈಗಲಾದರೂ ಅವರ ಮುಖ ಅರಳೀತೆಂದು ನಾನು ತಿರುಗಿ ನೋಡಿದೆ. ಅವರು ಗೋಡೆಗೆ ಹಣೆ ಇಟ್ಟು ನಿಂತಿದ್ದರು. ಬಾಯಿಗೆ ಸೆರಗು ಹಿಡಿದಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ, ಸಣ್ಣ ಹುಡುಗಿಯ ಹಾಗೆ ದನಿ ತೆಗೆದು ಅಳುತ್ತಿದ್ದರು.